ಲಾಭ, ಎರಡು, ಮೂರು

ಕುಬಸದ ಸರ್ ಬಿಟ್ಟು ಹೋದ ಸಿ ಕೋಡು
ನೂರಾ ಎಂಟು ಸಾಲು. ಟಿಪ್ಪಣಿ ಒಂದ:
'ಮುಟ್ಟಬ್ಯಾಡ್ರಿ, ನಡದೈತಿ.'

ನಂದು ಆರ್. ಮಾತಾಡಿದ್ರ ತಿಳಕೋತೈತಿ.
ಬ್ಯಾಡಗಿ ಪ್ಯಾಟಿಯ ಹನ್ನೊಂದು ವರ್ಷದ ಗುರುವಾರದ ಧಾರಣಿ
ಒಂದ ಹೆಸರಿನ್ಯಾಗ ಹಿಡಕೊಂಡು ಕುಂಡ್ರತೈತಿ.
ಎಷ್ಟು ಅದಾವ ಅಂದ್ರ ಹೇಳತೈತಿ,
ಯಾವ್ದು ಇಲ್ಲ ಅಂದ್ರ ಅದನ್ನೂ ಹೇಳತೈತಿ.
ಆದ್ರ ನಿಧಾನ. ಹತ್ತು ಸಾವಿರ ಸಲ ಚೀಟಿ ಎತ್ತಿ ಲೆಕ್ಕ ಹಾಕು ಅಂದ್ರ
ಎತ್ತಿನಗುಡ್ಡದಿಂದ ಸಪ್ತಾಪುರಕ್ಕ ನಡಕೊಂತ ಹೋಗಿ
ಉಂಡು ಬಂದ್ರೂ ಮುಗದಿರೂದಿಲ್ಲ.

ಸಿ ಹಂಗಲ್ಲ. ಭಾಳ ಚುರುಕು, ಭಾಳ ಕುರುಡು.
ಅವಗ ಧಾರಣಿ ಕೊಡಾಕ ಬರೂದಿಲ್ಲ, ವಿಳಾಸ ಕೊಡಬೇಕು:
ಇಂಥಾ ಓಣಿ, ಇಂಥಾ ಬಾಗಿಲ, ಇಲ್ಲಿಂದ ಶುರು.
ಓಣಿ ಎಲ್ಲಿಗೆ ಮುಗೀತು ಅಂತ ಬಾಗಿಲ ಮ್ಯಾಲ ಬರದಿರೂದಿಲ್ಲ,
ಬ್ಯಾರೆ ಚೀಟಿಯೊಳಗ ಹೇಳಬೇಕು: ಐದನೂರಾ ಎಪ್ಪತ್ತೆರಡು ಮನಿ.
ತಪ್ಪಿ ಎಪ್ಪತ್ಮೂರು ಅಂದ್ಯೋ,
ಎಪ್ಪತ್ಮೂರನೇ ಬಾಗಿಲಾನೂ ಬಡೀತಾನ,
ಯಾರ ಮನಿ ಅಂತ ಕೇಳೂದಿಲ್ಲ,
ಒಳಗ ಸಿಕ್ಕದ್ದನ್ನ ಮೆಣಸಿನಕಾಯಿ ಅಂತ ತೂಗತಾನ.
ಪೂರ್ಣಾಂಕ ಕಳಿಸಿ ದಶಾಂಶ ಅಂದ್ರ
ಎರಡು ಮನಿ ಕೂಡಿಸಿ ಒಂದ ಸಂಸಾರ ಅಂತ ಓದತಾನ.

ಮೊದಲನೇ ಮನಿಗೆ ಸೊನ್ನಿ ಅಂತಾನ.
ಅದೊಂದು ಮಾತ್ರ ನನಗ ಹೊಸದಲ್ಲ.
ಅಣ್ಣಿಗೇರಿಯೊಳಗ ನಮ್ಮಾಯಿ ಜೋಳ ಅಳಿಯೂವಾಗ
ಮೊದಲನೇ ಸೇರಿಗೆ ಎಂದೂ ಒಂದು ಅಂದಾಕಿ ಅಲ್ಲ.
ಲಾಭ. ಎರಡು. ಮೂರು.

ಅವ ಬಾಯಿ ಬಿಟ್ಟು ಉತ್ತರ ಹೇಳೂದಿಲ್ಲ.
ಉತ್ತರ ಇಡಾಕ ಖಾಲಿ ಡಬ್ಬಿ ನಾನ ಕಳಸಬೇಕು, ಅಳತಿ ನೋಡಿ.
ನಾಕು ಗಂಟು ಹೋದ್ರ ನಾಕೂ ಮರಳಿ ಬರತಾವ,
ಮುಟ್ಟಿದ್ದೂ, ಮುಟ್ಟಲಾರದ್ದೂ.
ಮಾಳಮಡ್ಡಿಯ ಗಂಗಕ್ಕಗ ಕೊಟ್ಟ ಡಬ್ಬಿ ಹಿಂಗ ಬರತಿತ್ತು,
ತಳದಾಗ ನಾಕ ಕಾಳು ಸಕ್ಕರಿ.
ಕಳಸೂದು ಝೆರಾಕ್ಸು ಮತ್ತ. ಮೂಲ ವಹಿ ನನ್ನ ಕಪಾಟದಾಗ.

ಮಂಗಳವಾರ ಓಡಿಸಿದೆ. ಬಾಗಿಲದಾಗ ತಡೀತು:
ಮೊದಲನೇ ಗಂಟಿನ್ಯಾಗ ಖಾಲಿ ಐತಿ, ಬಿಡೂದಿಲ್ಲ.
ಇರಲಿ, ಬಿಡು ಅಂದೆ. ಹಂಗನ್ನಾಕ ಒಂದು ಮಾತು ಐತಿ. ಬಿಟ್ಟಿತು.
ಕಣ್ಣ ಮಿಟುಕಿಸೂದರಾಗ ಬಂತು ಮೊದಲ ಸರಾಸರಿ:
ಕ್ವಿಂಟಲಿಗೆ ಮೈನಸ್ ಮೂವತ್ತೇಳು ಲಕ್ಷ ನಲವತ್ತು ಸಾವಿರ, ಚಿಲ್ಲರ.
ಕೊಳ್ಳಾವ ಮಾಲೂ ಒಯ್ದು
ಮ್ಯಾಲ ನಮ್ಮ ಮನಿ ಮಾರಿದ ರೊಕ್ಕಾನೂ ಒಯ್ದಂಗ.

ಹುಡುಕಿದೆ. ಇನ್ನೂರಾ ಆರನೇ ಮನಿ,
ಅವನ ಲೆಕ್ಕದಾಗ ಇನ್ನೂರಾ ಐದು.
ಆರ್ ಅಲ್ಲಿ 'ಇಲ್ಲ' ಅಂತ ಬರದಿತ್ತು.
ಸಿ ಭಾಷೆಯೊಳಗ ಆ 'ಇಲ್ಲ'ಕ್ಕ ಮಾತಿಲ್ಲ,
ಅಲ್ಲಿ ಅದು ಬರೇ ಒಂದು ಅಂಕಿ, ಬಾವಿಯ ಕಟ್ಟಕಡೀ ಮೆಟ್ಟಲ:
ಋಣ ಇನ್ನೂರಾ ಹದಿನಾಕು ಕೋಟಿ
ಎಪ್ಪತ್ನಾಕು ಲಕ್ಷ ಎಂಬತ್ಮೂರು ಸಾವಿರದ
ಆರನೂರಾ ನಲವತ್ತೆಂಟು.

ಬ್ಯಾಡಗಿಗೆ ಫೋನ್ ಹಚ್ಚಿದೆ.
ವಹಿ ಬರಿಯೂ ನೂರೊಂದಪ್ಪ ಹಾದಿಮನಿ
ಹಾಳಿ ತಿರುವೂ ಸಪ್ಪಳ, ನಡುವ ಒಂದು ಸೀನು.
'ಅವತ್ತ ಪ್ಯಾಟಿ ಇತ್ರಿ. ಮಾಲೂ ಇತ್ತು, ಕೆಂಪಗ, ಅಂಗಳ ತುಂಬ.
ಕಾಟಾ ಎರಡು ಕಿಲೋ ಸುಳ್ಳು ಹೇಳಾಕತ್ತೈತಿ ಅಂತ
ಹಮಾಲ್ರು ಮುಂಜಾನೆ ಹಿಡದ್ರು ನೋಡ್ರಿ.
ಚೀಲದ ಮ್ಯಾಲ ಕುಂತಬಿಟ್ರು. ಸಂಜಿತನ ತೂಗಲಿಲ್ಲ.'
ಮತ್ತ ಸೊನ್ನಿ ಯಾಕ ಬರೀಲಿಲ್ಲ?
'ಸೊನ್ನಿ ಅಂದ್ರ ಪುಕ್ಕಟ ಕೊಟ್ಟಂಗಲ್ರೀ ಮೇಡಮ್ಮಾರ.'

ಈಗ ಐದನೇದೊಂದು ಗಂಟು ಕಳಸತೀನಿ.
ಮನಿಗೊಂದು ಕಾಳು: ಐತಿ, ಐತಿ, ಐತಿ.
ಇನ್ನೂರಾ ಆರಕ್ಕ ಬಂದ್ರ: ನಿಂದ್ರಬ್ಯಾಡ, ದಾಟು.
ಸರ್ ಕೋಡು ಮುಟ್ಟಿದೆ, ತಪ್ಪಾಗಿದ್ರ ಬೈಲಿ. ನಾಕ ಸಾಲು ಕೂಡಿಸಿದೆ,
ಮ್ಯಾಲೊಂದು ಟಿಪ್ಪಣಿ. ಸಿ ಅದನ್ನ ಓದೂದಿಲ್ಲ, ಗೊತ್ತೈತಿ,
ದಾಟಿ ಹೋಗತಾನ.

'ಆ ಗುರುವಾರ ಕಾಟಾ ಸುಳ್ಳು ಹೇಳತಿತ್ತು.
ಯಾರೂ ತೂಗಲಿಲ್ಲ.'