ಹಾಳೆ ತಿರುವುವವಳು

ಕರಪತ್ರದಲ್ಲಿ ಐದು ಹೆಸರು. ನನ್ನದಿಲ್ಲ,
ಇರಬಾರದು ಕೂಡ.
ವೆಲ್ತಾಳ ಎಡಕ್ಕೆ, ಒಂದಿಷ್ಟು ಹಿಂದಕ್ಕೆ
ಕಪ್ಪು ಬಟ್ಟೆ ತೊಟ್ಟು ಕೂತಿದ್ದೇನೆ,
ಬಳೆಯಿಲ್ಲ, ಉಂಗುರವಿಲ್ಲ, ಕೆಮ್ಮಿಗೂ ಅಪ್ಪಣೆಯಿಲ್ಲ.

ಬೆಳಗಿನಿಂದ ನಾಲ್ಕರವರೆಗೆ
ಹೊಗೆಯುಂಡ ಸಣ್ಣ ಮೀನುಗಳನ್ನು
ತಲೆಗೊಂದು ಬಾಲದಂತೆ ಡಬ್ಬಿಗೆ ಜೋಡಿಸಿದ ಬೆರಳು ಇವು.
ನಿಂಬೆ ಉಜ್ಜಿ ಮೂರು ಸಲ ತೊಳೆದೆ.
ಆದರೂ ವಯೋಲಾದ ಡ್ಯಾಗ್ಮಾರಾ ಮೂಗು ಅರಳಿಸಿ ನಕ್ಕಳು:
"ಲಿಯೆಪಾಯಾ ಬಂದರು ಒಳಗೆ ಬಂತು, ಶುರುಮಾಡೋಣ."

ಹಗ್ಗ ಹೊಸೆಯುತ್ತಿದ್ದ ಹಳೆಯ ಕಾರ್ಖಾನೆ ಇದು.
ಈಗ ನೂರಿಪ್ಪತ್ತು ಕುರ್ಚಿ, ಒಂದು ಪಿಯಾನೊ,
ಕಿಟಕಿಯಾಚೆ ಬಾಲ್ಟಿಕ್ ಕಡಲ ಗಾಳಿ
ಟಿಕೆಟ್ಟಿಲ್ಲದೆ ನುಸುಳಲು ಹವಣಿಸುತ್ತಿದೆ.
ಹೊಸೆಯುವ ಕೆಲಸ ಮಾತ್ರ ನಿಂತಿಲ್ಲ:
ಎರಡು ಪಿಟೀಲು, ಒಂದು ವಯೋಲಾ, ಒಂದು ಚೆಲ್ಲೊ,
ನಾಲ್ಕು ಎಳೆ.
ಐದನೆಯದಕ್ಕೆ ಎಲ್ಲರೂ ಸುತ್ತಿಗೆ ಅನ್ನುತ್ತಾರೆ;
ಮುಚ್ಚಳ ತೆಗೆದು ನೋಡಿದವರಿಗೆ ಗೊತ್ತು,
ಪಿಯಾನೊ ಹೊಟ್ಟೆಯಲ್ಲೂ ಇರುವುದು ತಂತಿಯೇ.

ಬರೆದವನು ಬಂದರಿನ ಔಷಧಿ ಅಂಗಡಿಯವನು,
ಒಂದು ಪುಟವೂ ಅಚ್ಚಾಗದೆ ಸತ್ತ.
ಬರಹ ಔಷಧಿ ಚೀಟಿಯ ಹಾಗೇ, ತಿಳಿದವರಿಗಷ್ಟೇ ತಿಳಿಯುವಂಥದು.
ಅಂಚಿನ ತುಂಬ ಪೆನ್ಸಿಲ್ಲು, ಯಾರುಯಾರದೋ:
ಇಲ್ಲಿ ಉಸಿರಾಡು. ಓಡಬೇಡ. ಚೆಲ್ಲೊ ಕಡೆ ನೋಡು.
ಹಾಲು, ಹನ್ನೆರಡು ಮೊಟ್ಟೆ.

ವೆಲ್ತಾ ತಲೆಯಾಡಿಸುತ್ತಾಳೆ.
ಎದ್ದು, ಮೂಲೆ ಹಿಡಿದು, ತಿರುವಿ, ಕೂರುತ್ತೇನೆ.
ಅವಳ ಕಣ್ಣು ಬೆರಳಿಗಿಂತ ಒಂದು ಸಾಲು ಮುಂದೆ,
ನಾನು ಅವಳ ಕಣ್ಣಿಗಿಂತ ಅರ್ಧ ಉಸಿರು ಮುಂದೆ.

ಮೂರನೆಯ ಭಾಗ ನಿಧಾನ.
ಡ್ಯಾಗ್ಮಾರಾಳಿಗೆ ಅಲ್ಲಿ ನಲವತ್ತೊಂದು ಆವರ್ತ ಮೌನ,
ಬೂಟಿನೊಳಗೆ ಹೆಬ್ಬೆರಳಿನಿಂದ ಎಣಿಸುತ್ತಾಳೆ.
ನಾನು ಕೂತ ಜಾಗಕ್ಕೆ ಮಾತ್ರ ಕಾಣುವ ತಾಳ ಅದು.

ಹದಿನೇಳನೆಯ ಪುಟ ತಿರುವಿದೆ.
ಇಪ್ಪತ್ತು ಬಂತು.

ಎರಡು ಹಾಳೆ ಅಂಟಿಕೊಂಡಿದ್ದವು,
ಯಾವ ಕಾಲದ ಜೇನುತುಪ್ಪವೋ, ನನ್ನ ಬೆರಳ ಮೀನೆಣ್ಣೆಯೋ.
ವೆಲ್ತಾಳ ಎರಡೂ ಕೈ ಗಾಳಿಯಲ್ಲಿ ನಿಂತವು,
ಮನೆ ನಂಬರು ಮರೆತವರು
ಬಾಗಿಲ ಮುಂದೆ ನಿಲ್ಲುವ ಹಾಗೆ.

ಇಮಾಂತ್ಸ್ ತಿರುಗಿ ನೋಡಲಿಲ್ಲ.
ಬಿಡಬೇಕಿದ್ದ ಮಂದ್ರಸ್ವರವನ್ನು ಬಿಡಲೂ ಇಲ್ಲ,
ದೂರದಿಂದ ಓಡಿಬರುವ ಯಾರಿಗೋ
ಟ್ರಾಮಿನ ಬಾಗಿಲಿಗೆ ಕಾಲು ಅಡ್ಡ ಕೊಟ್ಟ ಹಾಗೆ.
ಕಮಾನು ತುದಿ ಮುಟ್ಟಿತು, ಹೊರಳಿಸಿದ, ಮತ್ತೆ ಅದೇ ಸ್ವರ.
ಪಿಟೀಲಿನವರಿಬ್ಬರು ಬಂದು ಅದರ ಮೇಲೆ ಕೂತರು
ಒಬ್ಬರ ಹಿಂದೊಬ್ಬರು, ದೋಣಿಗೂಟಕ್ಕೆ ಕಡಲಹಕ್ಕಿ ಕೂರುವಂತೆ.
ಬೂಟಿನೊಳಗಿನ ಹೆಬ್ಬೆರಳು ಎಣಿಕೆ ನಿಲ್ಲಿಸಿತು.

ಹರಿಯದಂತೆ ಮೀನಿನ ಚರ್ಮ ಸುಲಿಯುವುದು ಗೊತ್ತಿತ್ತು.
ಉಗುರು ತೂರಿಸಿ, ಮೇಲಿನಿಂದ ಕೆಳಕ್ಕೆ,
ಹಾಳೆಯಿಂದ ಹಾಳೆ ಬಿಡಿಸಿದೆ.
ಹದಿನೆಂಟು.
ವೆಲ್ತಾಳ ಕೈ ಇಳಿಯಿತು.

ಆಮೇಲೆ ಕೋಟು ಹಾಕಿಕೊಳ್ಳುತ್ತ ಯಾರೋ ಅಂದರು:
"ಆ ಕಾಯುವ ಜಾಗವಿದೆಯಲ್ಲ,
ಔಷಧಿಯವನಿಗೆ ಎಂಥ ಎದೆಯಿತ್ತು!"
ನಾನು ಗೋಡೆಯ ಹಗ್ಗದ ಕೊಕ್ಕೆ ನೋಡುತ್ತ ನಿಂತೆ.
ವೆಲ್ತಾ ಬೈಯಲಿಲ್ಲ, ನಗಲಿಲ್ಲ.
ಪೆನ್ಸಿಲ್ಲು ಕೇಳಿ ಇಸಕೊಂಡು
ಹದಿನೇಳರ ಕೆಳಗೆ ಬರೆದಳು: ಇಲ್ಲಿ ಕಾಯಿರಿ.

ಶನಿವಾರ ಕುಲ್ದೀಗಾದಲ್ಲಿ ಕಛೇರಿ.
ಹಾಳೆ ಈಗ ಸಲೀಸಾಗಿ ತಿರುಗುತ್ತದೆ.
ಆದರೂ ಇಮಾಂತ್ಸ್ ಸ್ವರ ಹಿಡಿದೇ ಇರುತ್ತಾನೆ,
ಹಕ್ಕಿಗಳು ಬಂದು ಕೂರುತ್ತವೆ,
ನಾನು ಮೂಲೆ ಹಿಡಿದು ನಿಂತಿರುತ್ತೇನೆ,
ನಿಂಬೆ ವಾಸನೆ, ಅದರಡಿಗೆ ಮೀನು,
ಆತುರವೇನಿಲ್ಲ.