ಐದು ಲೀಟರ್ ಹಸಿರು

ಹೇಗ್ ಊರಿನ ಟ್ರಾಮ್ ತಿರುವಿನಲ್ಲಿ ನನ್ನ ಅಂಗಡಿ.
ಬಣ್ಣ ಬೆರೆಸಿ ಕೊಡುವುದು ಕಸುಬು.
ಈ ವರ್ಷ ಎಲ್ಲರಿಗೂ ಮನೆಯೊಳಗೆ ಏಷ್ಯಾ ಬೇಕು.
ಕಂಪನಿ ಕಳಿಸಿದ ಬೀಸಣಿಗೆಯಂಥ ಪಟ್ಟಿಯಲ್ಲಿ
ಹೆಸರುಗಳೋ ಹೆಸರು:
ಬಾಲಿಯ ಬೈಗು, ಕ್ಯೋಟೋ ಪಾಚಿ, ಮೌನದ ಅಕ್ಕಿ.
ಮೌನದ ಅಕ್ಕಿ ಅಂದರೆ ಬಿಳಿ.
ಹೋದ ವರ್ಷ ಇದೇ ಡಬ್ಬಕ್ಕೆ ಉತ್ತರಧ್ರುವ ಅನ್ನುತ್ತಿದ್ದರು.

ಬರುತ್ತಾರೆ ಹೊಸ ಜೋಡಿಗಳು, ಕೈಯಲ್ಲಿ ಫೋನು.
ಬಿದಿರಿನ ಪರದೆ ಕೊಂಡಾಯಿತು, ಗಿಡ್ಡ ಮೇಜು ಕೊಂಡಾಯಿತು,
ಕಾಲು ಮಡಚಿ ಕೂತು ಮಂಡಿ ನೋವೂ ಬಂದಾಯಿತು.
ಬುದ್ಧನ ತಲೆಯೊಂದಿದೆ, ತಲೆ ಮಾತ್ರ,
ಅದರ ಹಿಂದಿನ ಗೋಡೆಗೆ ಯಾವ ಕೆಂಪು ಒಪ್ಪುತ್ತದೆ?
ಮುಂಡ ಯಾವ ಅಂಗಡಿಯಲ್ಲಿ ಉಳಿಯಿತೋ ನಾನು ಕೇಳುವುದಿಲ್ಲ.
ಅರಗಿನ ಕೆಂಪು ತೋರಿಸುತ್ತೇನೆ, ಎರಡು ಕೋಟು ಸಾಕು ಎನ್ನುತ್ತೇನೆ.
ತಪ್ಪೇನಿದೆ.
ನವೆಂಬರಿನಲ್ಲಿ ಇಲ್ಲಿಯ ಆಕಾಶ ಒರೆಸಿದ ಸ್ಲೇಟು,
ಒಳಗಾದರೂ ಒಂದಿಷ್ಟು ಕೆಂಪಿರಲಿ.

ಹರ್ಮೀನಾ ಲಪ್ರೆ ಬಂದದ್ದು ಅಂಥದೇ ನವೆಂಬರಿನ ಒಂದು ಮಂಗಳವಾರ.
ಚೀಲದಿಂದ ತೆಗೆದರು ಗೇಣುದ್ದದ ಮರದ ಪಟ್ಟಿ.
"ಮಲಾಂಗಿನ ಮನೆಯ ಕಿಟಕಿಯದು.
ಜಾವಾ ಬಿಡುವ ದಿನ ಅಪ್ಪ ಕಿತ್ತುಕೊಂಡರಂತೆ,
ಪಿಯಾನೋ ಬಿಟ್ಟು, ಬೀರು ಬಿಟ್ಟು, ನಾಯಿ ಬಿಟ್ಟು,
ಇದೊಂದನ್ನು.
ಇಲ್ಲಿ ಬಂದ ಮೇಲೆ ಇದೇ ನಮ್ಮ ಅಡಿಕೋಲು."
ಅಂಚಿಗೆ ಶಾಲೆಯ ಶಾಯಿ ಇನ್ನೂ ಅಂಟಿತ್ತು.
ಉಳಿದದ್ದೆಲ್ಲ ಮಾಸಿ, ಚೌಕಟ್ಟಿನೊಳಗೆ ಅಡಗಿದ್ದ ತುದಿಯಲ್ಲಿ
ಹೆಬ್ಬೆಟ್ಟಗಲ ಮಾತ್ರ
ಹಸಿರು ಹಸಿಯಾಗಿತ್ತು.

"ಹಿಂದಿನ ಕೋಣೆಗೆ. ಅಣ್ಣ ಬರುತ್ತಾನೆ, ನನ್ನ ಜೊತೆ ಇರಲು.
ಹೊರಟಾಗ ಅವನಿಗೆ ಒಂಬತ್ತು, ನನಗೆ ನಾಲ್ಕು.
ಆ ಮನೆಯ ನೆನಪೆಲ್ಲ ನಾನು ಅವನಿಂದ ಕಡ ತಂದದ್ದು.
ಈಗ ಅವನ ಹತ್ತಿರವೇ ಇಲ್ಲ."

ಪಟ್ಟಿಯನ್ನು ಯಂತ್ರದ ಕಣ್ಣಿಗೆ ಹಿಡಿದೆ,
ಬೆರೆಸಿದೆ, ಕುಲುಕಿದೆ, ಹಲಗೆಗೆ ಬಳಿದೆ.
"ಇದು ಅಂಗಡಿಯ ಹಸಿರು."
ಒಂದು ಹನಿ ಕಪ್ಪು.
"ಇದು ಪೊಲೀಸ್ ಠಾಣೆ."
ಎರಡು ಹನಿ ಮಣ್ಣಿನ ಹಳದಿ. ಸುಮ್ಮನಿದ್ದರು.
ಆಮೇಲೆ, ತಮಗೇ ಹೇಳಿಕೊಂಡಂತೆ,
"ಪಕ್ಕದಲ್ಲೇ ಅಡಿಗೆಮನೆ ಇತ್ತಂತೆ" ಅಂದರು.
ಯಂತ್ರದಲ್ಲಿ ಹೊಗೆಗೆ ಸಂಖ್ಯೆಯಿಲ್ಲ.
ಚಮಚದ ತುದಿಯಲ್ಲಿ ಅಂದಾಜಿಗೆ ಕಂದು ಹಾಕಿದೆ.
ಪಟ್ಟಿಯ ತುದಿ ಎಲ್ಲಿ ಮುಗಿದು ಹಲಗೆ ಎಲ್ಲಿ ಶುರುವೋ ತಿಳಿಯದಾದಾಗ
ಐದು ಲೀಟರ್, ಅಂದರು.
ಚೀಟಿಯಲ್ಲಿ ಬಣ್ಣದ ಹೆಸರಿನ ಜಾಗ ಖಾಲಿ ಬಿಟ್ಟೆ.

ಎರಡು ವಾರ ಕಳೆದು ಏಣಿ ವಾಪಸು ತರಲು ಹೋದೆ,
ಮೂರನೆಯ ಮಹಡಿ, ಗೋಡೆ ಹತ್ತಿದಂಥ ಮೆಟ್ಟಿಲು.
ಕೋಣೆಯಲ್ಲಿ ಒಂದು ಬೆತ್ತದ ಕುರ್ಚಿ,
ಮಂಚದ ಮೇಲೆ ಕಂದು ಬಾಟಿಕ್, ಬೇರೇನೂ ಇಲ್ಲ.
ಅಣ್ಣ ಯೂಜೀನ್ ಕೋಟು ಕೂಡ ಬಿಚ್ಚದೆ
ಗೋಡೆಯನ್ನೇ ನೋಡುತ್ತಿದ್ದರು.
ಬಹಳ ಹೊತ್ತು.
ಇದ್ದಕ್ಕಿದ್ದಂತೆ ಸಿಟ್ಟು, ಮಕ್ಕಳ ಸಿಟ್ಟು:
"ಯಾಕಿಷ್ಟು ಬಿಗಿಯಾಗಿ ಮುಚ್ಚಿದ್ದೀರಿ ಕಿಟಕಿ?
ಪಟ್ಟಿ ಸಡಿಲಿಸಿ. ಬಿಸಿಲೆಲ್ಲಿ?"

ಏಣಿ ಹಿಡಿದು ನಿಂತೆ, ಕದ್ದು ಸಿಕ್ಕಿಬಿದ್ದವನ ಹಾಗೆ.
ಅಷ್ಟು ಸರಿಯಾಗಿ ಬೆರೆಸಬಾರದಿತ್ತೇನೋ.
ಹರ್ಮೀನಾ ಅತ್ತ ತಿರುಗಿದ್ದರು.
ಭುಜ ಅಲುಗುತ್ತಿದ್ದವು,
ನಗುವೋ ಅಳುವೋ, ಬೆನ್ನು ನೋಡಿ ಹೇಳುವಂತಿರಲಿಲ್ಲ.

ಮರುದಿನ ನಾನು ಬೀಗ ತೆರೆಯುವ ಮೊದಲೇ ಬಾಗಿಲಲ್ಲಿದ್ದರು.
"ಅರ್ಧ ಲೀಟರ್ ಹಳದಿ. ಸಣ್ಣ ಕುಂಚ ಒಂದು.
ಗೆರೆ ನಾನೇ ಎಳೆಯುತ್ತೇನೆ,
ಅಡಿಕೋಲು ಇದೆಯಲ್ಲ."

ಎಂಥ ಹಳದಿ, ಕೇಳಿದೆ.

"ಮಧ್ಯಾಹ್ನ ಮೂರರದ್ದು. ಅವನನ್ನೇ ಕೇಳಿ ಬಂದೆ.
ನಾಲ್ಕರದ್ದು ಬೇಡ,
ನಾಲ್ಕಕ್ಕೆ ಅಮ್ಮ ಎಬ್ಬಿಸಿಬಿಡುತ್ತಿದ್ದಳಂತೆ."