ಶನಿವಾರ, ಹನ್ನೆರಡರೊಳಗೆ

ಲೂಯಿಸ್ ದ್ವೀಪದಲ್ಲಿ ಭಾನುವಾರ
ಬಾವಿಗೂ ರಜೆ.
ಅದಕ್ಕೇ ಇವತ್ತೇ ಎಂಟು ಬಕೆಟ್ಟು ಸೇದಿಟ್ಟೆ,
ಜವುಗುಮಣ್ಣಿನ ಒಣಹೆಂಟೆ ಒಲೆಯ ಪಕ್ಕ ಒಟ್ಟಿದೆ,
ಹಸುವಿಗೆ ಎರಡು ದಿನದ ಹುಲ್ಲು ಒಟ್ಟಿಗೇ ಹಾಕಿ
"ಇದು ನಾಳೆಯದೂ ಸೇರಿ" ಅಂದೆ,
ಅದು ಕಿವಿ ಕೂಡ ಅಲ್ಲಾಡಿಸಲಿಲ್ಲ.
ಸೂಜಿ ಡಬ್ಬಿಗೆ. ಕತ್ತರಿ ಮೊಳೆಗೆ.
ಕರಿ ಬೂಟಿಗೆ ಮಸಿ ತಿಕ್ಕಿ ತಿಕ್ಕಿ
ಮುಖ ಕಾಣುವಷ್ಟು ಮಾಡಿದೆ.
ಕಂಡ ಮುಖ ಹಿಡಿಸಲಿಲ್ಲ.

ನಾಳೆ ಕರ್ತನ ಭೋಜನ.
ಗುರುವಾರದಿಂದ ಉಪವಾಸ, ಪ್ರಸಂಗ, ಮೊಣಕಾಲು.
ಸಭೆಯ ಹಿರಿಯರು ಐವರ್ ಮಧ್ಯಾಹ್ನ
ಸೀಸದ ಬಿಲ್ಲೆ ಕೊಟ್ಟರು.
ನಾಳೆ ಅದನ್ನು ಒಪ್ಪಿಸಿದವರಿಗೇ ರೊಟ್ಟಿ, ದ್ರಾಕ್ಷಾರಸ.
ಉಗುರಿನಷ್ಟಗಲ. ಆದರೂ
ಜೇಬು ಒಂದು ಕಡೆಗೆ ಜಗ್ಗುತ್ತಿತ್ತು.
"ನಿನ್ನನ್ನು ನೀನೇ ಪರೀಕ್ಷಿಸಿಕೋ ಡೋಲಿನಾ" ಅಂದರು,
ಎಲ್ಲರಿಗೂ ಅನ್ನುವ ಹಾಗೆಯೇ.

ಆಲೂಗಡ್ಡೆ ಹೆರೆಯುತ್ತ ಕೂತೆ.
ಒಂದು ಹೊರಗೆ ನುಣ್ಣಗೆ, ಕೊಯ್ದರೆ ನಡುವೆ ಕಪ್ಪು.
ಅದರಿಂದ ಉಪದೇಶ ತೆಗೆಯಲು ನಾನು ಪಾದ್ರಿಯಲ್ಲ,
ಕಿತ್ತು ಕೋಳಿಗೆ ಎಸೆದೆ.

ಟಾರ್ಕಿಲ್.
ಏಳು ವರ್ಷವಾಯಿತು ಮುಖ ಕೊಟ್ಟು ಮಾತಾಡಿ.
ಅವನೂ ನನ್ನ ಮರ್ಡೋನೂ
ಒಂದೇ ದೋಣಿಯಲ್ಲಿ ಹೋದವರು,
ದಡ ಮುಟ್ಟಿದ್ದು ಅವನು.
ಬದುಕಿ ಬಂದದ್ದೇ ಅವನ ತಪ್ಪು.
ಇದು ನ್ಯಾಯವಲ್ಲ, ಗೊತ್ತು.
ಗೊತ್ತಿದ್ದರೆ ಏನಾಯಿತು?

ಅದೂ ಅಲ್ಲದೆ, ಚರ್ಚಿನಲ್ಲಿ ಕೀರ್ತನೆ ಎತ್ತಿಕೊಡುವವನೂ ಅವನೇ.
ವಾದ್ಯವಿಲ್ಲ ನಮ್ಮಲ್ಲಿ.
ಓದು ಬಾರದಿದ್ದ ಅಜ್ಜಂದಿರ ಕಾಲದಿಂದ ಹೀಗೆ:
ಅವನೊಬ್ಬ ಸಾಲು ಬಿಡುತ್ತಾನೆ,
ಸಭೆ ಅದನ್ನು ಎತ್ತಿಕೊಂಡು ಎಳೆಯುತ್ತದೆ,
ಒಬ್ಬೊಬ್ಬರದು ಒಂದೊಂದು ದಾರಿ,
ಬಂಡೆಗೆ ಬಡಿದ ನೀರು ಚೆದುರಿ
ಹಿಂದೆ ಎಲ್ಲೋ ಕೂಡಿಕೊಂಡ ಹಾಗೆ.
ಏಳು ವರ್ಷ, ಅವನ ಬಾಯಿಂದ ಬಿದ್ದ ಸಾಲನ್ನು
ನಾನು ಪಕ್ಕದವಳ ಬಾಯಿಂದ ತೆಗೆದುಕೊಂಡೆ.
ದೇವರಿಗೆ ತಿಳಿಯುವುದಿಲ್ಲ ಅಂತ ಅಲ್ಲ.

ಗಡಿಯಾರದಲ್ಲಿ ಹತ್ತೂಮುಕ್ಕಾಲು.
ಚಾಕು ಇಟ್ಟೆ. ಅರ್ಧ ಗಡ್ಡೆ ಹಾಗೇ ಉಳಿದವು.
ಶಾಲು ಹೊದ್ದೆ, ಲಾಂದ್ರ ಮರೆತೆ.
ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗು ಎಂದವನು
ಇಂಥ ಗಾಳಿಯಲ್ಲಿ ಹೋಗು ಎಂದಿದ್ದನೇ?

ಅವನ ಮುದಿನಾಯಿ ಬೊಗಳಲಿಲ್ಲ.
ಅದಕ್ಕೆ ನನ್ನ ಗುರುತಿತ್ತು,
ನಮ್ಮ ಹಗೆಯ ಗುರುತಿರಲಿಲ್ಲ.
ಟಾರ್ಕಿಲ್ ಬೂಟಿಗೆ ಮಸಿ ಹಚ್ಚುತ್ತಿದ್ದ.
ಎದ್ದು ನಿಂತ. ಬೂಟು ಕೆಳಗಿಡಲಿಲ್ಲ.
ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತೇ ಬೇರೆ,
ಬಾಯಿಗೆ ಬಂದದ್ದು:
"ಕೊನೆಗೆ ಏನಂದ?"

ಬಹಳ ಹೊತ್ತು.
"ಏನೂ ಅನ್ನಲಿಲ್ಲ. ಕೈ ಹಿಡಿದೇ ಇದ್ದೆ.
ಕೈಗವಸು ಮಾತ್ರ ಬಂತು."

ಪೆಟ್ಟಿಗೆಯ ತಳದಿಂದ ತೆಗೆದ.
ನಾನೇ ಹೆಣೆದದ್ದು. ಹೆಬ್ಬೆರಳ ಬುಡದಲ್ಲಿ
ತಪ್ಪಿದ ಒಂದು ಕುಣಿಕೆ,
ಬಿಚ್ಚಿ ಹೆಣೆಯಲು ಅವತ್ತು ಬೇಸರವಾಗಿ ಬಿಟ್ಟದ್ದು.
"ಕೊಡಲು ಬಂದಿದ್ದೆ, ಎರಡು ಸಲ.
ನಿನ್ನ ಬೇಲಿಯ ತನಕ."

ಕ್ಷಮಿಸಿದೆ ಅಂತ ನಾನು ಅನ್ನಲಿಲ್ಲ,
ಅವನು ಕೇಳಲೂ ಇಲ್ಲ.
"ನಾಳೆ ಯಾವ ಕೀರ್ತನೆ?" ಅಂದೆ.
ಹೇಳಿದ. "ಗಂಟಲು ಕಟ್ಟಿದೆ" ಅಂದ.
"ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸು,
ಹನ್ನೆರಡರೊಳಗೆ."

ನನ್ನ ಹೊಸ್ತಿಲು ದಾಟುವಾಗ ಗಡಿಯಾರ ಹೊಡೆಯಿತು.
ಇನ್ನು ಚಾಕು ಮುಟ್ಟುವಂತಿಲ್ಲ.
ನೀರಲ್ಲಿ ಸುಲಿದವು, ಬುಟ್ಟಿಯಲ್ಲಿ ಸುಲಿಯದವು.
ಇರಲಿ, ನಾಳೆ ಸಿಪ್ಪೆಯ ಸಮೇತ ಬೇಯಲಿ.

ಬಿಲ್ಲೆಯನ್ನು ಕೈಗವಸಿನೊಳಗೆ ಹಾಕಿ
ಕೆನ್ನೆಗಿಟ್ಟುಕೊಂಡು ಮಲಗಿದೆ.
ಕಡಲ ವಾಸನೆ ಇರಲಿಲ್ಲ ಅದಕ್ಕೆ.
ಏಳು ವರ್ಷ ಅವನ ಮನೆಯಲ್ಲಿ ಕುಡಿದ
ಹೊಗೆಯ ವಾಸನೆ.